ರೋಗ ಕಾಣುವ ಮೊದಲೇ ಹುಡುಕಿದವರು

ಜತ್ತ ತಾಲ್ಲೂಕಿನ ಉಮದಿ, ಸಂಖ, ಮಾಡಗ್ಯಾಳದ ಕಡೆ ಮಳೆ ಕೈಕೊಟ್ಟ ವರ್ಷ ಊರಿಗೆ ಊರೇ ಗುಳೆ ಹೋಗುತ್ತದೆ. ಕೆಲವರು ಕಬ್ಬು ಕಡಿಯಲು, ಕೆಲವರು ಲಾರಿ ಮೇಲೆ, ಕೆಲವರು ಮುಂಬೈ, ಪುಣೆಗೆ ಕೂಲಿಗೆ. ಹೋದವರು ಬರುವಾಗ ದುಡ್ಡು ತರುತ್ತಾರೆ, ಒಮ್ಮೊಮ್ಮೆ ಜಡ್ಡನ್ನೂ ತರುತ್ತಾರೆ. ಸಣ್ಣಪುಟ್ಟ ಜ್ವರಕ್ಕೆ ದವಾಖಾನೆ ಯಾಕೆ ಎಂದು ದಿನ ದೂಡಿ, ತೂಕ ಇಳಿದು, ಕೆಮ್ಮು ನಿಲ್ಲದಾದ ಮೇಲೆ ಮಿರಜಿನ ಇಲ್ಲವೇ ವಿಜಯಪುರದ ದಾರಿ ಹಿಡಿಯುವುದು ನಮ್ಮ ಕಡೆಯ ರೂಢಿ. ಎಚ್‌ಐವಿ ಪತ್ತೆಯಾದ ಕತೆ ಈ ರೂಢಿಗೆ ನೇರ ವಿರುದ್ಧವಾದದ್ದು. ಆ ವೈರಾಣು ಸಿಕ್ಕಿದ್ದು ರೋಗ ಬಲಿಯುವ ಮೊದಲೇ ಹುಡುಕಿದವರಿಗೆ.

1981ರ ಜೂನ್ 5ರಂದು ಅಮೆರಿಕದ ರೋಗ ನಿಯಂತ್ರಣ ಕೇಂದ್ರದ ವಾರಪತ್ರಿಕೆಯಲ್ಲಿ ಒಂದು ಪುಟ್ಟ ವರದಿ ಬಂತು. ಲಾಸ್ ಏಂಜಲೀಸ್‌ನಲ್ಲಿ ಅದುವರೆಗೆ ಗಟ್ಟಿಮುಟ್ಟಾಗಿದ್ದ ಐವರು ಯುವಕರಿಗೆ ವಿಚಿತ್ರ ನ್ಯುಮೋನಿಯಾ ಬಂದಿತ್ತು. ಇಬ್ಬರು ಆಗಲೇ ತೀರಿಕೊಂಡಿದ್ದರು. ಅದು ಮೈಯ ಕಾವಲು ಶಕ್ತಿ ಕುಸಿದವರಿಗಷ್ಟೇ ಬರುವಂಥದ್ದು. ಡಾ. ಮೈಕೆಲ್ ಗಾಟ್ಲೀಬ್ ಮತ್ತು ಸಂಗಡಿಗರು ಅಂಥ ರೋಗಿಗಳ ರಕ್ತವನ್ನು ಪರೀಕ್ಷಿಸಿದಾಗ ಬಿಳಿ ರಕ್ತಕಣಗಳ ಒಂದು ಬಗೆ, ಸಹಾಯಕ ಟಿ ಕೋಶಗಳು, ಬಹುಮಟ್ಟಿಗೆ ಬರಿದಾಗಿದ್ದವು. ಮರುವರ್ಷ ಕಾಯಿಲೆಗೆ ಏಡ್ಸ್ ಎಂದು ಹೆಸರಿಟ್ಟರು. ಕೋಶಗಳನ್ನು ಕೊಂದವರು ಯಾರೆಂದು ಮಾತ್ರ ತಿಳಿಯಲಿಲ್ಲ.

ಇಲ್ಲೊಂದು ತೊಡಕಿತ್ತು. ರೋಗಿ ಹಾಸಿಗೆ ಹಿಡಿಯುವ ಹೊತ್ತಿಗೆ ಆ ಕೋಶಗಳೇ ಸತ್ತುಹೋಗಿರುತ್ತವೆ. ಕೊಲೆಗಾರನನ್ನು ಹುಡುಕುವುದೆಲ್ಲಿ? ಪ್ಯಾರಿಸ್ಸಿನ ವೈದ್ಯ ವಿಲಿ ರೊಜೆನ್‌ಬಾಮ್ ಮತ್ತು ಜೊತೆಗಾರರು ಇದನ್ನೇ ಯೋಚಿಸಿ, ಇನ್ನೂ ಏಡ್ಸ್ ಆಗದ, ಕತ್ತಿನ ದುಗ್ಧಗ್ರಂಥಿಗಳಷ್ಟೇ ಊದಿಕೊಂಡಿದ್ದ ಒಬ್ಬನನ್ನು ಆರಿಸಿಕೊಂಡರು. ಅವನ ಗ್ರಂಥಿಯ ಒಂದು ಚೂರು 1983ರ ಜನವರಿ 3ರಂದು ಪಾಶ್ಚರ್ ಸಂಸ್ಥೆಯಲ್ಲಿ ಲುಕ್ ಮಾಂಟೇನಿಯರ್ ಕೈ ಸೇರಿತು. ಫ್ರಾನ್ಸ್ವಾಸ್ ಬಾರೆ-ಸಿನೂಸಿ ಮತ್ತು ಜಾನ್-ಕ್ಲೋದ್ ಶೆರ್ಮಾನ್ ಅದರ ಕೋಶಗಳನ್ನು ಗಾಜಿನ ಪಾತ್ರೆಯಲ್ಲಿ ಬೆಳೆಸುತ್ತ, ಕೆಲವು ದಿನಕ್ಕೊಮ್ಮೆ ಒಂದು ಕಿಣ್ವಕ್ಕಾಗಿ ಪರೀಕ್ಷಿಸಿದರು. ಆರ್‌ಎನ್‌ಎಯನ್ನು ಡಿಎನ್‌ಎಯಾಗಿ ತಿರುಗಿಸುವ ಆ ಕಿಣ್ವ ಕಂಡರೆ ರೆಟ್ರೊವೈರಸ್ ಬಂದಿದೆ ಎಂದರ್ಥ. ಸುಮಾರು ಎರಡು ವಾರದ ನಂತರ ಕಿಣ್ವ ಕಂಡಿತು. ಏರಿತು. ಆಮೇಲೆ ಇಳಿಯತೊಡಗಿತು, ಯಾಕೆಂದರೆ ಕೋಶಗಳು ಸಾಯುತ್ತಿದ್ದವು.

ಇನ್ನೇನು ಎಲ್ಲ ಕಳೆದುಹೋಗುತ್ತದೆ ಎನ್ನುವಾಗ ಬಾರೆ-ಸಿನೂಸಿ ತಂಡ ರಕ್ತನಿಧಿಯಿಂದ ಆರೋಗ್ಯವಂತ ದಾನಿಯ ರಕ್ತ ತರಿಸಿ, ಅದರ ಬಿಳಿ ಕಣಗಳನ್ನು ಪಾತ್ರೆಗೆ ಸೇರಿಸಿತು. ಕಿಣ್ವ ಮತ್ತೆ ಏರಿತು, ಹೊಸ ಕೋಶಗಳೂ ಸಾಯತೊಡಗಿದವು. ಇಡೀ ಕತೆಯಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಈ ಗಳಿಗೆ. ಮನುಷ್ಯನಲ್ಲಿ ಅದುವರೆಗೆ ಗೊತ್ತಿದ್ದ ರೆಟ್ರೊವೈರಸ್ ಕೋಶಗಳನ್ನು ಅತಿಯಾಗಿ ಬೆಳೆಸಿ ರಕ್ತದ ಕ್ಯಾನ್ಸರ್ ತರುತ್ತಿತ್ತು. ಇದು ಕೊಲ್ಲುತ್ತಿತ್ತು. ಮೈಯೊಳಗೆ ವರ್ಷಗಟ್ಟಲೆ ನಡೆಯುವುದು ಗಾಜಿನ ಪಾತ್ರೆಯಲ್ಲಿ ಕೆಲವೇ ವಾರಗಳಲ್ಲಿ ನಡೆದಿತ್ತು. ಮೇ 20ರಂದು ‘ಸೈನ್ಸ್’ ಪತ್ರಿಕೆಯಲ್ಲಿ ವರದಿ ಪ್ರಕಟವಾಯಿತು. ಮರುವರ್ಷ ಅಮೆರಿಕದ ರಾಬರ್ಟ್ ಗ್ಯಾಲೊ ತಂಡ ಏಡ್ಸ್‌ಗೆ ಈ ವೈರಾಣುವೇ ಕಾರಣ ಎಂದು ಖಚಿತಪಡಿಸಿತು. ಎಚ್‌ಐವಿ ಎಂಬ ಹೆಸರು ಬಂದದ್ದು 1986ರಲ್ಲಿ, ಬಾರೆ-ಸಿನೂಸಿ ಮತ್ತು ಮಾಂಟೇನಿಯರ್‌ಗೆ ನೊಬೆಲ್ ಬಂದದ್ದು 2008ರಲ್ಲಿ.

ವೈರಾಣು ಟಿ ಕೋಶವನ್ನೇ ಯಾಕೆ ಹಿಡಿಯುತ್ತದೆ? ಆ ಕೋಶದ ಮೈಮೇಲಿರುವ ಸಿಡಿ4 ಎಂಬ ಪ್ರೋಟೀನಿಗೆ ಅದು ಅಂಟಿಕೊಂಡು ಒಳಹೊಗುತ್ತದೆ ಎಂದು 1984ರ ಕೊನೆಗೆ ತಿಳಿಯಿತು. ಒಳಗೆ ಹೋಗಿ ತನ್ನ ವಂಶವಾಹಿ ಬರಹವನ್ನು ಕೋಶದ ಡಿಎನ್‌ಎಯೊಳಕ್ಕೇ ಹೆಣೆದುಬಿಡುತ್ತದೆ. ಸಿಡಿ4 ಕೋಶ ತಾನೇ ರೋಗಾಣುವನ್ನು ಕೊಲ್ಲುವುದು ಕಡಿಮೆ. ಮಿಕ್ಕ ಕಾವಲು ಕೋಶಗಳನ್ನು ಎಬ್ಬಿಸುವುದು ಅದರ ಕೆಲಸ. ಮಾಡಗ್ಯಾಳದ ಕುರಿಗಾರರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ತೋಳ ಮೊದಲು ಹಟ್ಟಿಯ ನಾಯಿಗಳನ್ನೇ ಒಂದೊಂದಾಗಿ ಮುಗಿಸಿದರೆ ಕುರಿಗಾರನನ್ನು ಎಬ್ಬಿಸುವವರು ಯಾರು? ಆರೋಗ್ಯವಂತರ ಒಂದು ಘನ ಮಿಲಿಮೀಟರ್ ರಕ್ತದಲ್ಲಿ ಸಿಡಿ4 ಕೋಶಗಳು ಸಾಮಾನ್ಯವಾಗಿ 500ಕ್ಕೂ ಮೇಲಿರುತ್ತವೆ. 200ಕ್ಕಿಂತ ಕೆಳಗಿಳಿದರೆ ಏಡ್ಸ್. ಆಗ ಮೈಯಲ್ಲಿ ಸುಮ್ಮನೆ ಮಲಗಿದ್ದ ಕ್ಷಯದ ರೋಗಾಣು ಏಳುತ್ತದೆ, ಬಾಯಿ, ಗಂಟಲಲ್ಲಿ ಶಿಲೀಂಧ್ರ ಹಬ್ಬುತ್ತದೆ, ಮಿದುಳಿನ ಪೊರೆಗೂ ಸೋಂಕು ತಗಲುತ್ತದೆ. ನಮ್ಮ ದೇಶದಲ್ಲಿ ಎಚ್‌ಐವಿ ಇದ್ದವರನ್ನು ಹೆಚ್ಚಾಗಿ ಬಲಿ ತೆಗೆದುಕೊಂಡದ್ದು ಈ ಕ್ಷಯವೇ.

ಭಾರತದಲ್ಲೂ ಮೊದಲೇ ಹುಡುಕಿದವರಿದ್ದರು. 1985ರ ಕೊನೆಯಲ್ಲಿ ಮದ್ರಾಸ್ ಮೆಡಿಕಲ್ ಕಾಲೇಜಿನ ಡಾ. ಸುನೀತಿ ಸಾಲೊಮನ್ ತಮ್ಮ ವಿದ್ಯಾರ್ಥಿನಿ ಸೆಲ್ಲಪ್ಪನ್ ನಿರ್ಮಲಾಗೆ ಈ ಸೋಂಕು ಹುಡುಕುವ ಕೆಲಸ ಒಪ್ಪಿಸಿದರು. ಅದು ಪಶ್ಚಿಮದವರ ಕಾಯಿಲೆ, ನಮ್ಮಲ್ಲೆಲ್ಲಿ ಎನ್ನುತ್ತಿದ್ದ ಕಾಲ. ನಿರ್ಮಲಾ ಲೈಂಗಿಕ ವೃತ್ತಿಯ ಮಹಿಳೆಯರಿಂದ ರಕ್ತ ಪಡೆದು, ಮಾದರಿಗಳನ್ನು ಮನೆಯ ಫ್ರಿಜ್ಜಿನಲ್ಲೇ ಕಾಪಾಡಿದರು. 1986ರ ಫೆಬ್ರವರಿಯಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ಪರೀಕ್ಷಿಸಿದಾಗ ಆರು ಮಾದರಿ ಸೋಂಕಿನ ಗುರುತಾದ ಹಳದಿ ಬಣ್ಣಕ್ಕೆ ತಿರುಗಿದವು. ಭಾರತದಲ್ಲಿ ಎಚ್‌ಐವಿ ಇದೆ ಎಂದು ಲೋಕಕ್ಕೆ ತಿಳಿದದ್ದು ಹೀಗೆ. ಆದರೆ ಯಾವ ಪರೀಕ್ಷೆ ಎಂದು ಆ ಮಹಿಳೆಯರಿಗೆ ತಾನು ಹೇಳಿರಲಿಲ್ಲ ಎಂದು ನಿರ್ಮಲಾ ಮುಂದೆ ಹೇಳಿಕೊಂಡಿದ್ದಾರೆ. ದೇಶಕ್ಕೆ ಎಚ್ಚರ ಕೊಟ್ಟ ರಕ್ತ ಅವರದು. ಅವರಿಗೆ ದೇಶ ಋಣಿಯಾಗಿದೆ.

ನಮ್ಮದೇ ಜಿಲ್ಲೆಯಲ್ಲಿ 1992ರಲ್ಲಿ ಮೀನಾ ಶೇಷು ಅವರ ‘ಸಂಗ್ರಾಮ’ ಸಂಸ್ಥೆ ಸಾಂಗಲಿಯ ಲೈಂಗಿಕ ವೃತ್ತಿಯ ಹೆಂಗಸರ ಜೊತೆ ಕೆಲಸಕ್ಕಿಳಿಯಿತು. ಅವರಲ್ಲಿ ಅನೇಕರು ಕನ್ನಡದವರು, ಎಲ್ಲಮ್ಮನಿಗೆ ಬಿಟ್ಟ ಮನೆಯ ಹೆಣ್ಣುಮಕ್ಕಳು. ಕಾಂಡೋಮ್ ಹಂಚಿದವರು, ತಿಳಿಹೇಳಿದವರು ಹೊರಗಿನವರಲ್ಲ, ಅದೇ ಓಣಿಯ ಅಕ್ಕಂದಿರು. 1996ರಲ್ಲಿ ಅವರೇ ‘ವ್ಯಾಂಪ್’ ಎಂಬ ತಮ್ಮ ಸಂಘಟನೆ ಕಟ್ಟಿಕೊಂಡರು. ಇದು ಆ ಓಣಿಯವರಿಗಷ್ಟೇ ಸೇರಿದ ಕಾಯಿಲೆ ಎಂಬ ಭ್ರಮೆಯನ್ನು ಒಡೆದದ್ದು ಕೃಷ್ಣೆಯ ಆಚೆಗಿನ ಬಾಗಲಕೋಟೆ. 2003ರಲ್ಲಿ ಅಲ್ಲಿ ಸಾಮಾನ್ಯ ಜನರ ನಡುವೆ ನಡೆದ ಸಮೀಕ್ಷೆಯಲ್ಲಿ ನೂರಕ್ಕೆ ಸುಮಾರು ಮೂವರಲ್ಲಿ ಸೋಂಕಿತ್ತು. ಹಳ್ಳಿಗಳೂ ಹೊರತಾಗಿರಲಿಲ್ಲ.

ಸೋಂಕು ತಗುಲಿ ಕೆಲವು ವಾರಕ್ಕೆ ಜ್ವರ ಬಂದು ಹೋದರೆ ಹೋದೀತು. ಆಮೇಲೆ ಎಂಟು ಹತ್ತು ವರ್ಷ ಏನೂ ಕಾಣದೆ ಇರಬಹುದು. ವೈರಾಣು ಆಗ ನಿದ್ದೆ ಮಾಡುತ್ತಿರುತ್ತದೆ ಎಂದೇ ಬಹಳ ಮಂದಿ ತಿಳಿದಿದ್ದರು. 1995ರಲ್ಲಿ ಡೇವಿಡ್ ಹೋ ಮತ್ತು ಜಾರ್ಜ್ ಶಾ ತಂಡಗಳು ಬೇರೆಬೇರೆಯಾಗಿ ಲೆಕ್ಕ ಹಾಕಿ ಅದನ್ನು ಸುಳ್ಳು ಮಾಡಿದವು. ದಿನವೂ ಕೋಟಿಗಟ್ಟಲೆ ವೈರಾಣು ಹುಟ್ಟುತ್ತವೆ, ಕೋಟಿಗಟ್ಟಲೆ ಸಿಡಿ4 ಕೋಶ ಸಾಯುತ್ತವೆ, ಮೈ ಅಷ್ಟನ್ನೂ ಮತ್ತೆ ಹುಟ್ಟಿಸುತ್ತ ಹೆಣಗುತ್ತದೆ. ಕರುಳಿನ ಪೊರೆಯಲ್ಲಂತೂ ಮೊದಲ ವಾರಗಳಲ್ಲೇ ಈ ಕೋಶಗಳು ಬರಿದಾಗುತ್ತವೆ ಎಂದು ನಂತರ ಗೊತ್ತಾಯಿತು. ಹೊರಗೆ ಗಟ್ಟಿಮುಟ್ಟಾಗಿ ಕಬ್ಬು ಕಡಿಯುತ್ತಿರುವವನ ಒಳಗೂ ಈ ಕಾಳಗ ನಡೆದೇ ಇರುತ್ತದೆ.

1996ರಿಂದ ಮೂರು ಔಷಧಿಗಳನ್ನು ಸೇರಿಸಿ ಕೊಡುವ ಚಿಕಿತ್ಸೆ ಬಂತು. ವರ್ಷಕ್ಕೆ ಹತ್ತು ಸಾವಿರ ಡಾಲರಿಗೂ ಹೆಚ್ಚಿನ ಖರ್ಚು. 2001ರಲ್ಲಿ ಮುಂಬೈನ ಸಿಪ್ಲಾ ಕಂಪನಿಯ ಯೂಸುಫ್ ಹಮೀದ್ ಅದೇ ಔಷಧವನ್ನು ದಿನಕ್ಕೆ ಒಂದು ಡಾಲರಿಗೂ ಕಡಿಮೆ ದರದಲ್ಲಿ ಕೊಡುವೆನೆಂದರು. 2004ರ ಏಪ್ರಿಲ್ 1ರಿಂದ ಸರ್ಕಾರ ಎಆರ್‌ಟಿ ಎಂದು ಕರೆಯುವ ಈ ಮಾತ್ರೆಗಳನ್ನು ಪುಕ್ಕಟೆ ಕೊಡತೊಡಗಿತು. ಆಗಲೂ ಸಿಡಿ4 ಇಳಿಯುವವರೆಗೆ ಕಾಯಬೇಕಿತ್ತು. 2015ರಲ್ಲಿ ‘ಸ್ಟಾರ್ಟ್’ ಎಂಬ ಅಂತರರಾಷ್ಟ್ರೀಯ ಅಧ್ಯಯನ, ಕಾಯದೆ ಕೂಡಲೇ ಮಾತ್ರೆ ಶುರುಮಾಡಿದರೆ ಗಂಭೀರ ಕಾಯಿಲೆ, ಸಾವುಗಳು ಅರ್ಧಕ್ಕಿಂತ ಕಡಿಮೆಯಾಗುತ್ತವೆ ಎಂದು ತೋರಿಸಿತು. 2017ರಿಂದ ನಮ್ಮಲ್ಲೂ ಸೋಂಕು ಪತ್ತೆಯಾದ ಕೂಡಲೇ ಚಿಕಿತ್ಸೆ. ಮಾತ್ರೆ ತಪ್ಪಿಸದೆ, ರಕ್ತದಲ್ಲಿ ವೈರಾಣು ಪರೀಕ್ಷೆಗೂ ಸಿಗದಷ್ಟು ಇಳಿದವರಿಂದ ಸಂಗಾತಿಗೆ ಲೈಂಗಿಕ ಸಂಪರ್ಕದಲ್ಲಿ ಸೋಂಕು ಹರಡುವುದಿಲ್ಲ. ತಾಯಿಯಿಂದ ಮಗುವಿಗೆ ದಾಟುವುದನ್ನೂ ಬಹುಮಟ್ಟಿಗೆ ತಡೆಯಬಹುದು.

ದೂರದೂರಿಗೆ ದುಡಿಯಲು ಹೋಗಿ ಬಂದವರು, ಅವರ ಹೆಂಡಂದಿರು, ಬಸುರಿಯರು, ಕ್ಷಯ ಬಂದವರು ಒಮ್ಮೆ ರಕ್ತ ಪರೀಕ್ಷೆ ಮಾಡಿಸಿಕೊಳ್ಳಿ. ಸರ್ಕಾರಿ ಪರೀಕ್ಷಾ ಕೇಂದ್ರಗಳಲ್ಲಿ ಅದು ಉಚಿತ. ನಿಮ್ಮ ಒಪ್ಪಿಗೆ ಇಲ್ಲದೆ ಪರೀಕ್ಷಿಸುವಂತಿಲ್ಲ, ಫಲಿತಾಂಶವನ್ನು ಬಹಿರಂಗಮಾಡುವಂತಿಲ್ಲ ಎಂದು 2018ರ ಸೆಪ್ಟೆಂಬರಿನಿಂದ ಕಾನೂನೇ ಇದೆ. ಕೇಂದ್ರ ಎಲ್ಲಿದೆ ಎಂದು ಕೇಳಲು 1097ಕ್ಕೆ ಕರೆಮಾಡಿ.