ಪಾಯದ ಮಣ್ಣು ಹಳ್ಳದ ಪಾಲು

ಸವದತ್ತಿ ತಾಲ್ಲೂಕಿನ ಸಿರಸಂಗಿ ಕಡೆಯ ರೈತನಿಗೆ ಒಡ್ಡಿನ ಪಾಠವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ರಾತ್ರಿ ಜೋರು ಮಳೆ ಹೊಡೆದರೆ ಬೆಳಿಗ್ಗೆ ಸಲಿಕೆ ಹೆಗಲಿಗೇರಿಸಿ ಹೊಲದ ದಾರಿ ಹಿಡಿಯುತ್ತಾನೆ. ಒಡ್ಡು ಎಲ್ಲಿ ಒಡೆದಿದೆ, ನೀರು ಎಲ್ಲಿ ದಾರಿ ಮಾಡಿಕೊಂಡಿದೆ ಎಂದು ನೋಡುವವರೆಗೆ ಅವನಿಗೆ ಸಮಾಧಾನವಿಲ್ಲ. ಈ ಭಾಗ ಮುಂಬೈ ಪ್ರಾಂತ್ಯದಲ್ಲಿದ್ದಾಗಲೇ, 1942ರಲ್ಲಿ, ಮಣ್ಣಿನ ಸವಕಳಿ ತಡೆಯಲೆಂದು ಭೂಸುಧಾರಣಾ ಯೋಜನೆಗಳ ಕಾಯ್ದೆ ಬಂದಿತ್ತು. ಅಂದರೆ ಒಡ್ಡಿಗೆ ಕಾನೂನಿನ ಬಲ ಸಿಕ್ಕಿ ಎಂಟು ದಶಕ ದಾಟಿದೆ. ಆದರೆ ಅದೇ ರೈತ ಊರೊಳಗೆ ಮನೆ ಕಟ್ಟಿಸಲು ಪಾಯ ತೆಗೆಸಿದ ದಿನ ಈ ವಿದ್ಯೆಯೆಲ್ಲ ಮರೆತುಹೋಗುತ್ತದೆ. ಜೆಸಿಬಿ ಎತ್ತಿದ ಮಣ್ಣು ಗಟಾರದ ದಂಡೆಯ ಮೇಲೆ ಬೀಳುತ್ತದೆ, ಮುಂದಿನ ಮಳೆಗೆ ಹಳ್ಳ ಸೇರುತ್ತದೆ.

ಎರೆ ಸೀಮೆಯಲ್ಲಿ ಈ ಮಣ್ಣಿನ ಗುಡ್ಡೆ ಬೇರೆ ಕಡೆಗಿಂತ ದೊಡ್ಡದು. ಎರೆ ಮಣ್ಣು ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರಿಯುತ್ತದೆ. ಅದರ ಮೇಲೆ ಗೋಡೆ ನಿಲ್ಲದು. ಹಾಗಾಗಿ ಗಟ್ಟಿ ನೆಲ ಸಿಗುವವರೆಗೆ ಅಗೆದು, ಎರೆ ತೆಗೆದು, ಗರಸು ತುಂಬಿಸುವುದು ಗೌಂಡಿಗಳ ರೂಢಿ. ಹೊರಬಿದ್ದ ಎರೆಗೆ ಯಾರೂ ಧಣಿಯಿಲ್ಲ.

ಒಂದು ಲೆಕ್ಕ ಹಾಕೋಣ. ಒಂದು ಎಕರೆ ಲೇಔಟಿನ ಮೇಲೆ 40 ಮಿ.ಮೀ. ಮಳೆ ಬಿದ್ದರೆ ಸುಮಾರು 1.6 ಲಕ್ಷ ಲೀಟರ್ ನೀರು. ಹುಲ್ಲು ಕೆರೆದು ರೋಲರ್ ಓಡಿಸಿದ ನೆಲ ಅದನ್ನು ಇಂಗಿಸಿಕೊಳ್ಳದು, ಸಡಿಲ ಮಣ್ಣಿನ ಗುಡ್ಡೆ ತಡೆಯದು. ಬೇಸಾಯದ ಭೂಮಿಗೆ ಹೋಲಿಸಿದರೆ ಕಟ್ಟಡದ ಜಾಗದಿಂದ 10ರಿಂದ 20 ಪಟ್ಟು ಹೆಚ್ಚು ಮಣ್ಣು ಹರಿದುಹೋಗುತ್ತದೆ ಎನ್ನುತ್ತದೆ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ. ಅಲ್ಲಿ ಒಂದು ಎಕರೆ ನೆಲ ಕೆದಕುವುದಿದ್ದರೂ 2003ರಿಂದ ಪರವಾನಗಿ ಬೇಕು. ನಮ್ಮಲ್ಲಿ 2006ರ ಅಧಿಸೂಚನೆಯಂತೆ ಕಟ್ಟಡಗಳಿಗೆ ಪರಿಸರ ಅನುಮತಿಯ ಮಾತು ಶುರುವಾಗುವುದೇ 20,000 ಚದರ ಮೀಟರಿನಿಂದ. ಸವದತ್ತಿ ತಾಲ್ಲೂಕಿನ ಯಾವ ಮನೆಗೂ ಅದು ತಗಲುವುದಿಲ್ಲ.

ಹಾಗೆಂದು ಅಲ್ಲಿನ ಉಪಾಯವನ್ನೇ ಇಲ್ಲಿ ತಂದರೆ ನಡೆಯುತ್ತದೆಯೇ? ಜಾಗದ ಸುತ್ತ ಬಟ್ಟೆಯ ಬೇಲಿ ಕಟ್ಟಿ ಮಣ್ಣು ಹಿಡಿಯುವುದು ಅಲ್ಲಿಯ ಪದ್ಧತಿ. ಉಸುಕಾದರೆ ಸರಿ, ಬೇಲಿಯ ಹಿಂದೆ ನಿಂತ ನೀರಿನಲ್ಲಿ ನುಣ್ಣನೆಯ ಉಸುಕೂ ಎರಡು ಮೂರು ನಿಮಿಷದಲ್ಲಿ ಒಂದು ಮೀಟರ್ ಇಳಿಯುತ್ತದೆ. ಎರೆಯ ಜೇಡಿ ಕಣದ ಗಾತ್ರ 0.002 ಮಿ.ಮೀ. ಅಥವಾ ಅದಕ್ಕೂ ಸಣ್ಣದು. ಅದೇ ಒಂದು ಮೀಟರ್ ಇಳಿಯಲು ಅದಕ್ಕೆ ಮೂರು ದಿನವಾದರೂ ಬೇಕು. ಬಟ್ಟೆಯೊಳಗಿಂದ ಅದು ನೀರಿನ ಹಾಗೇ ನುಸುಳುತ್ತದೆ. ಎರೆ ಒಮ್ಮೆ ನೀರಿಗೆ ಬಿತ್ತೆಂದರೆ ಕೈಬಿಟ್ಟಂತೆಯೇ. ಆದ್ದರಿಂದ ನಮ್ಮಲ್ಲಿ ಹಿಡಿಯುವ ಮಾತಿಗಿಂತ ಮುಚ್ಚುವ ಮಾತು ಮೊದಲು ಬರಬೇಕು.

ಮುಚ್ಚಲು ಪೇಟೆಗೆ ಹೋಗಬೇಕಾಗಿಲ್ಲ. ಕಬ್ಬು ಕಡಿದ ಮೇಲೆ ಬೆಂಕಿ ಹಚ್ಚುವ ರವದಿಯನ್ನೇ ಗುಡ್ಡೆಯ ಮೇಲೆ ದಪ್ಪಗೆ ಹರಡಬಹುದು. ಹಳೆಯ ತಾಡಪತ್ರಿಯೂ ಆದೀತು. ಗುಡ್ಡೆಯ ಕೆಳಬದಿಗೆ ಮೊಣಕಾಲೆತ್ತರದ ಒಡ್ಡು, ಅದರ ಹಿಂದೆ ನೀರು ನಿಲ್ಲಲು ಒಂದು ತಗ್ಗು. ಟಿಪ್ಪರ್ ಒಳಬರುವ ಬಾಯಲ್ಲಿ ಖಡಿ ಹಾಸಿದರೆ ಗಾಲಿಗೆ ಮೆತ್ತಿದ ಮಣ್ಣು ರಸ್ತೆಗೆ ಬರದು. ಕಾಂಕ್ರೀಟ್ ಯಂತ್ರ ತೊಳೆದ ನೀರನ್ನಂತೂ ಗಟಾರಕ್ಕೆ ಬಿಡಲೇಬಾರದು, ಅದು ಸುಣ್ಣದ ತಿಳಿಯಷ್ಟೇ ಖಾರ. ಹಳ್ಳದ ಮೀನಿಗೆ ಅದು ವಿಷ.

ಮನೆಗಳ ಮಾತು ಸಣ್ಣದು, ಸವದತ್ತಿಯ ಯಲ್ಲಮ್ಮನ ಗುಡ್ಡದ್ದು ಹಾಗಲ್ಲ. 2024ರ ನವೆಂಬರಿನಲ್ಲಿ ಕೇಂದ್ರ ಸರಕಾರ ಗುಡ್ಡದ ಅಭಿವೃದ್ಧಿಗೆ 100 ಕೋಟಿ ರೂಪಾಯಿ ಮಂಜೂರು ಮಾಡಿತು. ಭಕ್ತರಿಗೆ ನೆರಳು, ನೀರು, ಶೌಚಾಲಯ ಬೇಕು. ಬನದ ಹುಣ್ಣಿಮೆಯ ಜನಜಂಗುಳಿ ಕಂಡವರು ಇದಕ್ಕೆ ಎರಡು ಮಾತಾಡುವುದಿಲ್ಲ. ಆದರೆ ಆಕೆ ಏಳುಕೊಳ್ಳದ ಯಲ್ಲಮ್ಮ. ಕೊಳ್ಳವೆಂದರೆ ನೀರಿಳಿಯುವ ದಾರಿ. ಆ ಗುಡ್ಡದಿಂದ ಕಣ್ಣಿಗೆ ಬೀಳುವ ನೀರು ಮಲಪ್ರಭೆಯದು, ನವಿಲುತೀರ್ಥದ ಅಣೆಕಟ್ಟೆಯ ಹಿಂದೆ ನಿಂತದ್ದು. 37 ಟಿಎಂಸಿ ಅಡಿಗೂ ಮಿಕ್ಕಿ ಹಿಡಿಯುವ ಈ ಜಲಾಶಯದ ನೀರನ್ನು ಹುಬ್ಬಳ್ಳಿ–ಧಾರವಾಡ ಕುಡಿಯುತ್ತದೆ. ಜಲಾಶಯಕ್ಕೆ ಇಳಿದ ಹೂಳನ್ನು ಎತ್ತುವ ಖರ್ಚಿಗೆ ಹೋಲಿಸಿದರೆ ಗುಡ್ಡದ ಮೇಲೆ ಹಾಕುವ ಒಡ್ಡಿನದು ಪುಡಿಗಾಸು. ಟೆಂಡರಿನಲ್ಲಿ ಅದಕ್ಕೊಂದು ಸಾಲು, ಬಿಲ್ಲಿನಲ್ಲಿ ಒಂದು ಬಾಬತ್ತು ಇರಬೇಕು. ಬಾಬತ್ತಿಲ್ಲದ ಕೆಲಸವನ್ನು ಯಾವ ಗುತ್ತಿಗೆದಾರನೂ ಮಾಡಿದ್ದನ್ನು ನಾನು ಕಂಡಿಲ್ಲ.

ಕಾನೂನು ಪೂರ್ತಿ ಮೌನವಾಗಿಲ್ಲ. ಕಟ್ಟಡ ತ್ಯಾಜ್ಯದಿಂದ ಚರಂಡಿಗೆ ಅಡ್ಡಿಯಾಗಬಾರದೆಂದು 2016ರ ನಿಯಮಗಳೇ ಹೇಳಿದ್ದವು. ಕಟ್ಟಡ ಪರವಾನಗಿ ಕೊಡುವ ಗ್ರಾಮ ಪಂಚಾಯಿತಿ, ಪುರಸಭೆ ಆ ಒಂದು ಮಾತನ್ನು ಪರವಾನಗಿ ಪತ್ರದಲ್ಲೇ ಬರೆದು ಕೊಡಲಿ.

ಸಿರಸಂಗಿಯ ಕಾಳಿಕಾದೇವಿ ವಿಶ್ವಕರ್ಮರ ದೇವತೆ, ಕಟ್ಟುವ ಕೈಗಳವರ ತಾಯಿ. ಅವಳಿಗೆ ಕಾಯಿ ಒಡೆಸಿ ಪಾಯಕ್ಕೆ ಗುದ್ದಲಿ ಹಾಕುವವರಲ್ಲಿ ಒಂದು ಬಿನ್ನಹ: ರೋಹಿಣಿ ಮಳೆ ಹೂಡುವುದು ಮೇ 25ರ ಆಸುಪಾಸಿಗೆ. ಅದರೊಳಗೆ ಗುಡ್ಡೆಗೆ ರವದಿ ಹೊದಿಸಿರಿ, ಕೆಳಗೊಂದು ಒಡ್ಡು ಹಾಕಿರಿ.