ಹೂಮಳೆಯ ಲೆಕ್ಕ

ಬೆಳೆಗೆ ಎಷ್ಟು ಮಳೆ ಬೇಕು ಎಂದು ಎಲ್ಲರೂ ಕೇಳುತ್ತೇವೆ. ಯಾವಾಗ ಬೇಕು ಎಂಬ ಪ್ರಶ್ನೆ ಎಷ್ಟೋ ಸಲ ಅದಕ್ಕಿಂತ ಮುಖ್ಯವಾದದ್ದು. ಇದಕ್ಕೆ ಕಾಫಿ ಒಳ್ಳೆಯ ಉದಾಹರಣೆ. ದೇಶದ ಕಾಫಿಯಲ್ಲಿ ಸುಮಾರು ಶೇಕಡ 70ರಷ್ಟು ಕರ್ನಾಟಕದ್ದು. ಕೊಡಗು, ಚಿಕ್ಕಮಗಳೂರು, ಹಾಸನ ಜಿಲ್ಲೆಗಳದ್ದು. ಇಲ್ಲಿ ವರ್ಷಕ್ಕೆ ನೂರು ಇಂಚು ಮಳೆ ಕಾಣುವ ತೋಟಗಳಿವೆ. ಆದರೆ ಅವುಗಳ ಫಸಲಿನ ಹಣೆಬರಹ ಬರೆಯುವುದು ಬೇಸಿಗೆಯ ಒಂದೇ ಇಂಚು!

ಚಳಿಗಾಲದ ಒಣಹವೆಯಲ್ಲಿ ಕಾಫಿಯ ಮೊಗ್ಗು ಬೆಳವಣಿಗೆ ನಿಲ್ಲಿಸಿ ನಿದ್ದೆ ಹೋದಂತಿರುತ್ತದೆ. ಈ ಬಾಯಾರಿಕೆ ಅದಕ್ಕೆ ಬೇಕೇ ಬೇಕು. ರೊಬಸ್ಟಾಕ್ಕೆ ಫೆಬ್ರುವರಿ-ಮಾರ್ಚ್‌ನಲ್ಲಿ, ಅರೇಬಿಕಾಕ್ಕೆ ಮಾರ್ಚ್-ಏಪ್ರಿಲ್‌ನಲ್ಲಿ ಸುಮಾರು 25 ಮಿಲಿಮೀಟರ್ ಮಳೆ ಬಿದ್ದರೆ ಮೊಗ್ಗು ಎಚ್ಚರಗೊಂಡು, ಎಂಟು-ಹತ್ತು ದಿನಗಳಲ್ಲಿ ತೋಟವೆಲ್ಲ ಬೆಳ್ಳಗೆ ಅರಳುತ್ತದೆ. ಇದೇ ಹೂಮಳೆ. ಮಳೆ ಅರೆಬರೆಯಾದರೆ ಮೊಗ್ಗು ಸರಿಯಾಗಿ ಬಿರಿಯದೆ ಹಾಳಾಗುತ್ತದೆ. ಅರಳಿದ ದಿನವೇ ಮತ್ತೆ ಮಳೆ ಹೊಡೆದರೆ ರೊಬಸ್ಟಾಕ್ಕೆ ಪೆಟ್ಟು; ತನ್ನದೇ ಪರಾಗದಿಂದ ಅದು ಕಾಯಿ ಕಟ್ಟದು, ಬೇರೆ ಗಿಡದ ಪರಾಗವನ್ನು ಗಾಳಿಯೋ ಜೇನ್ನೊಣವೋ ಹೊತ್ತು ತರಬೇಕು. ಎರಡು-ಮೂರು ವಾರ ಕಳೆದ ಮೇಲೆ, ಕಟ್ಟಿದ ಎಳೆಕಾಯಿ ಉಳಿಯಲು ಇನ್ನೊಂದು ಮಳೆ ಬೇಕು.

ಇನ್ನು ಶಾಖದ ಮಾತು. ಅರೇಬಿಕಾಕ್ಕೆ ಹಿತವಾದದ್ದು 15ರಿಂದ 25 ಡಿಗ್ರಿ ಸೆಲ್ಸಿಯಸ್; ರೊಬಸ್ಟಾ ಇನ್ನೊಂದೈದು ಡಿಗ್ರಿ ತಾಳೀತು. ಸೆಕೆ ಹೆಚ್ಚಿದರೆ ಹಣ್ಣು ಅವಸರದಲ್ಲಿ ಮಾಗಿ ರುಚಿ ತಗ್ಗುತ್ತದೆ. ಬಿಸಿಲು ಬೀಳುವ ಅರೇಬಿಕಾ ಗಿಡದ ತೊಗಟೆಯ ಬಿರುಕುಗಳಲ್ಲಿ ಬಿಳಿ ಕಾಂಡಕೊರಕ ಮೊಟ್ಟೆಯಿಡುತ್ತದೆ. ಹಿರಿಯರು ತೋಟದೊಳಗೆ ಹಾಲುವಾಣ, ಹಲಸು, ಅತ್ತಿಯ ನೆರಳನ್ನು ಕಾಪಾಡಿಕೊಂಡು ಬಂದದ್ದರ ಅರ್ಥ ಇಲ್ಲಿ ತಿಳಿಯುತ್ತದೆ.

ಅತಿಯಾದರೂ ಕಷ್ಟ, ಅಕಾಲವಾದರೂ ಕಷ್ಟ. ಮಳೆಗಾಲದಲ್ಲಿ ಬುಡದಲ್ಲಿ ನೀರು ನಿಂತರೆ ಬೇರಿಗೆ ಉಸಿರು ಕಟ್ಟಿ ಕಾಯಿ ಉದುರುತ್ತದೆ, ಕೊಳೆರೋಗ ಹತ್ತುತ್ತದೆ. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳೇ ತೋಟಗಳ ಸಮೇತ ಜರಿದವು. ಜನವರಿಯಲ್ಲಿ ಮಳೆ ಬಂದರೆ ಹಣ್ಣಿರುವ ಗಿಡದಲ್ಲೇ ಹೂ ಬಿರಿಯುತ್ತದೆ. ಹಣ್ಣು ಬಿಡಿಸಲು ಹೋದರೆ ಮುಂದಿನ ವರ್ಷದ ಫಸಲು ಕೈಗೆ ತಗಲಿ ಉದುರುತ್ತದೆ. ಕಣದಲ್ಲಿ ಹರವಿದ ಕಾಫಿಗೆ ಬೂಷ್ಟು ಹಿಡಿಯುತ್ತದೆ.

ಕೆರೆ, ಹೊಳೆಯ ನೀರಿನ ಅನುಕೂಲವಿದ್ದವರು ಸ್ಪ್ರಿಂಕ್ಲರ್ ಹಾರಿಸಿ ತಮ್ಮ ಹೂಮಳೆಯನ್ನು ತಾವೇ ತರಿಸಿಕೊಳ್ಳುತ್ತಾರೆ. ಆದರೆ ಎಲ್ಲ ತೋಟಕ್ಕೂ ನೀರು ಬೇಕಾಗುವ ಆ ದಿನಗಳಲ್ಲೇ ಹಳ್ಳಗಳು ಬತ್ತಿರುತ್ತವೆ. ಎರಡು-ಮೂರು ಎಕರೆಯ ಸಣ್ಣ ಬೆಳೆಗಾರನಿಗಂತೂ ಆಕಾಶವೇ ಗತಿ. ಮಲೆನಾಡಿನ ತೋಟದ ಮನೆಗಳಲ್ಲಿ ಮಳೆಯನ್ನು ಇಂಚು-ಸೆಂಟುಗಳಲ್ಲಿ ಅಳೆದು ದಿನದಿನವೂ ಬರೆದಿಡುವ ಪದ್ಧತಿಯಿದೆ. ವರ್ಷದ ಮೊತ್ತ ಸರಿಯಾಗಿದ್ದರೂ ಫಸಲು ಕೈಕೊಟ್ಟದ್ದೇಕೆ ಎಂದು ತಿಳಿಯಬೇಕಾದರೆ, ಆ ಪುಸ್ತಕದಲ್ಲಿ ನೋಡಬೇಕಾದದ್ದು ತಾರೀಖನ್ನು.