ಗುಣವಾಗುವ ಭರವಸೆಯೇ ತೊಡಕಾದಾಗ

ಕ್ಯಾನ್ಸರ್ ಎಂದು ಗೊತ್ತಾದ ಮನೆಯಲ್ಲಿ ಚಿಕಿತ್ಸೆಯ ಚಿಂತೆಯ ಬೆನ್ನಿಗೇ ಸಂಬಳದ ಚಿಂತೆಯೂ ಶುರುವಾಗುತ್ತದೆ. ಶಸ್ತ್ರಚಿಕಿತ್ಸೆ, ಕಿಮೊ, ರೇಡಿಯೇಷನ್ ಎಲ್ಲ ಮುಗಿಯುವಷ್ಟರಲ್ಲಿ ಎಷ್ಟೋ ಸಲ ಏಳೆಂಟು ತಿಂಗಳು, ಕೆಲವೊಮ್ಮೆ ಅದಕ್ಕೂ ಹೆಚ್ಚು ಕಾಲ ಕಳೆದಿರುತ್ತದೆ. ಸಂಬಳ ಸಹಿತ ರಜೆ ಅದಕ್ಕೂ ಮೊದಲೇ ತೀರಿಹೋಗಿರುತ್ತದೆ. ಆಸ್ಟ್ರೇಲಿಯಾದಲ್ಲಿ ದುಡಿಯುವವರಿಗೆ ಆಗ ಒದಗಬಹುದಾದ ದೊಡ್ಡ ಮೊತ್ತವೊಂದು ನಿವೃತ್ತಿ ನಿಧಿಯೊಳಗಿನ ವಿಮೆಯಲ್ಲಿದೆ. ಸಿಡ್ನಿ, ಮೆಲ್ಬರ್ನ್‌ಗಳಲ್ಲಿ ನೌಕರಿಯಲ್ಲಿರುವ ಕನ್ನಡಿಗರ ಹೆಸರಿನಲ್ಲೂ ಇದೇ ಬಗೆಯ ನಿಧಿಗೆ ಹಣ ಸೇರುತ್ತಿರುತ್ತದೆ. ಅಂಗವೈಕಲ್ಯಕ್ಕೆಂದು ಇಟ್ಟ ಈ ವಿಮೆ ಕ್ಯಾನ್ಸರ್ ರೋಗಿಯ ಕೈಗೆ ಯಾವಾಗ ಸಿಗುತ್ತದೆ, ಯಾವಾಗ ಜಾರುತ್ತದೆ ಎಂಬುದು ಅಲ್ಲಿ ವರ್ಷಗಳಿಂದ ಚರ್ಚೆಯಲ್ಲಿರುವ ಪ್ರಶ್ನೆ. ನಮ್ಮ ಭವಿಷ್ಯ ನಿಧಿಯ ವ್ಯವಸ್ಥೆಯನ್ನು ತೂಗಿ ನೋಡುವುದಕ್ಕೂ ಅದು ಒಳ್ಳೆಯ ದಾರಿ.

ಉಳಿತಾಯದೊಳಗೆ ಸೇರಿಕೊಂಡ ವಿಮೆ

ಆಸ್ಟ್ರೇಲಿಯಾದಲ್ಲಿ ಕಡ್ಡಾಯ ನಿವೃತ್ತಿ ಉಳಿತಾಯ, ಜನರ ಬಾಯಲ್ಲಿ ‘ಸೂಪರ್’, 1992ರಲ್ಲಿ ಜಾರಿಗೆ ಬಂತು. ಆಗ ಮಾಲೀಕರು ಕಟ್ಟಬೇಕಿದ್ದ ಕನಿಷ್ಠ ಪಾಲು ವೇತನದ ಶೇ 3. ಹಂತಹಂತವಾಗಿ ಏರಿದ ಅದು 2025ರ ಜುಲೈನಿಂದ ಶೇ 12 ಆಗಿದೆ. ಈ ಉಳಿತಾಯದ ಜೊತೆಗೆ ಮರಣ ವಿಮೆ ಹಾಗೂ ಶಾಶ್ವತ ಪೂರ್ಣ ಅಂಗವೈಕಲ್ಯ ವಿಮೆಯನ್ನೂ ಹೆಚ್ಚಿನ ನಿಧಿಗಳು ತಾವಾಗಿಯೇ ಸೇರಿಸುತ್ತವೆ. ಬೇಡವೆಂದವರು ಹೇಳಿ ಬಿಡಿಸಿಕೊಳ್ಳಬೇಕು. ವೈದ್ಯಕೀಯ ತಪಾಸಣೆ ಇಲ್ಲದೆ, ಲಕ್ಷಾಂತರ ಜನರ ಗುಂಪಿಗೆ ಒಟ್ಟಾಗಿ ಕೊಳ್ಳುವುದರಿಂದ ಕಂತು ಅಗ್ಗ. ಗಣಿಯಲ್ಲಿ, ಗೋದಾಮಿನಲ್ಲಿ, ವೃದ್ಧಾಶ್ರಮದಲ್ಲಿ ಮೈಮುರಿದು ದುಡಿಯುವವರು ಒಬ್ಬೊಬ್ಬರಾಗಿ ಹೋದರೆ ಇಂಥ ರಕ್ಷಣೆ ದುಬಾರಿಯಾದೀತು, ಸಿಗದೆಯೂ ಹೋದೀತು. ಈ ಏರ್ಪಾಟಿನ ದೊಡ್ಡ ಸಾಧನೆ ಇರುವುದು ಇಲ್ಲೇ.

ಆದರೆ ಕಂತಿನ ಹಣ ಹೋಗುವುದು ಸದಸ್ಯರ ಉಳಿತಾಯದಿಂದಲೇ. ಎರಡು ಮೂರು ಕೆಲಸ ಬದಲಿಸಿದವರ ಹೆಸರಿನಲ್ಲಿ ಅಷ್ಟೇ ಖಾತೆ, ಅಷ್ಟೇ ವಿಮೆ ಸೇರಿಕೊಂಡು ಸಣ್ಣ ಉಳಿತಾಯ ಕರಗುತ್ತಿತ್ತು. ಅದಕ್ಕಾಗಿ 2019ರ ಜುಲೈನಿಂದ, 16 ತಿಂಗಳು ಹಣ ಜಮೆಯಾಗದ ಖಾತೆಯ ವಿಮೆಯನ್ನು, ಸದಸ್ಯರು ಬೇಕೆಂದು ತಿಳಿಸದಿದ್ದರೆ, ನಿಲ್ಲಿಸುವ ನಿಯಮ ಬಂತು. 2020ರ ಏಪ್ರಿಲ್‌ನಿಂದ 25 ವರ್ಷದೊಳಗಿನ ಹೊಸ ಸದಸ್ಯರಿಗೆ ಹಾಗೂ 6,000 ಡಾಲರ್‌ಗಿಂತ ಕಡಿಮೆ ಮೊತ್ತದ ಖಾತೆಗಳಿಗೆ, ಅಪಾಯಕಾರಿ ವೃತ್ತಿಯಂಥ ಕೆಲವು ವಿನಾಯಿತಿಗಳನ್ನು ಬಿಟ್ಟರೆ, ಕೇಳದೆ ವಿಮೆ ಕೊಡುವಂತಿಲ್ಲ. ಉದ್ದೇಶ ಸರಿಯಾದದ್ದೇ. ಆದರೆ ಚಿಕಿತ್ಸೆಗೆಂದು ಕೆಲಸ ಬಿಟ್ಟವರ ಖಾತೆಗೂ ಹಣ ಬೀಳುವುದು ನಿಲ್ಲುತ್ತದೆ. ಕಿಮೊದ ನಡುವೆ ನಿಧಿಯ ಪತ್ರ ಓದಿ ಉತ್ತರಿಸುವ ತ್ರಾಣ ಎಷ್ಟು ಜನಕ್ಕಿರುತ್ತದೆ? ವಿಮೆ ರದ್ದಾಗಿದೆ ಎಂಬ ಒಂದೇ ಕಾರಣಕ್ಕೆ ಕ್ಲೇಮಿನ ಆಸೆ ಬಿಡುವವರು ಇನ್ನೊಂದನ್ನು ಗಮನಿಸಬೇಕು: ಸಾಮಾನ್ಯವಾಗಿ ಲೆಕ್ಕಕ್ಕೆ ಬರುವುದು ಕಾಯಿಲೆಯಿಂದ ಕೆಲಸ ನಿಂತ ದಿನ ವಿಮೆ ಇತ್ತೇ ಎಂಬುದು, ಅರ್ಜಿ ಹಾಕಿದ ದಿನ ಇತ್ತೇ ಎಂಬುದಲ್ಲ.

‘ಇನ್ನೆಂದೂ’ ಎಂಬ ಷರತ್ತು

ನಿಧಿಯಿಂದ ಈ ಹಣ ಹೊರಬರಲು ಕಾನೂನು ಇಟ್ಟಿರುವ ಅಳತೆ ಹೀಗಿದೆ: ಅನಾರೋಗ್ಯದ ಕಾರಣ, ತನ್ನ ಓದು, ತರಬೇತಿ, ಅನುಭವಕ್ಕೆ ತಕ್ಕ ಯಾವುದೇ ಉದ್ಯೋಗಕ್ಕೆ ಸದಸ್ಯರು ಮುಂದೆಂದೂ ಮರಳುವ ಸಂಭವವಿಲ್ಲ ಎಂದು ನಿಧಿಯ ಟ್ರಸ್ಟಿಗಳಿಗೆ ಮನವರಿಕೆಯಾಗಬೇಕು. ಅದಕ್ಕೂ ಮೊದಲು ವಿಮಾ ಕಂಪನಿ ತನ್ನ ಪಾಲಿಸಿಯ ಮಾತುಗಳ ಪ್ರಕಾರ ಒಪ್ಪಬೇಕು. ಕೆಲಸ ಬಿಟ್ಟು ಮೂರೋ ಆರೋ ತಿಂಗಳು ಕಳೆಯಬೇಕೆಂಬ ಕಾಯುವ ಅವಧಿ ಬೇರೆ. ಬೆನ್ನುಹುರಿ ಮುರಿದವರ ವಿಷಯದಲ್ಲಿ ಈ ಅಳತೆ ಅಷ್ಟಾಗಿ ತೊಡಕಾಗದು. ಕ್ಯಾನ್ಸರ್‌ನಲ್ಲಿ ಆಗುತ್ತದೆ. ಕ್ಯಾನ್ಸರ್ ಬಂತೆಂದ ಮಾತ್ರಕ್ಕೆ ಈ ಹಣ ಸಿಗುವುದಿಲ್ಲ. ಅದು ಕೆಲಸ ಮಾಡುವ ಶಕ್ತಿಯನ್ನು ಶಾಶ್ವತವಾಗಿ ಕಸಿದಿದೆಯೇ ಎಂಬುದಷ್ಟೇ ಪ್ರಶ್ನೆ. ಇಂದಿನ ಕ್ಯಾನ್ಸರ್ ವೈದ್ಯರಾದರೋ ‘ಇನ್ನೆಂದೂ’ ಎಂದು ಬರೆಯಲು ಹಿಂಜರಿಯುತ್ತಾರೆ.

ವೃದ್ಧಾಶ್ರಮದಲ್ಲಿ ಆರೈಕೆ ಕೆಲಸ ಮಾಡುವ, ಸ್ತನ ಕ್ಯಾನ್ಸರ್‌ಗೆ ಚಿಕಿತ್ಸೆ ಪಡೆದ ಐವತ್ತರ ಹರೆಯದ ಮಹಿಳೆಯೊಬ್ಬರನ್ನು ಊಹಿಸಿಕೊಳ್ಳಿ. ಕಂಕುಳಿನ ಗ್ರಂಥಿಗಳನ್ನು ತೆಗೆದ ಕಡೆಯ ತೋಳು ಬಾತುಕೊಳ್ಳುತ್ತದೆ. ಕಿಮೊದಿಂದ ಬೆರಳ ತುದಿಗಳು ಜೋಮು ಹಿಡಿದು, ಮಾತ್ರೆಯ ಪಟ್ಟಿಯಿಂದ ಮಾತ್ರೆ ಬಿಡಿಸುವುದೂ ಕಷ್ಟ. ಮಧ್ಯಾಹ್ನವಾಗುವಷ್ಟರಲ್ಲಿ ಕಾಲೆಳೆಯುವ ಸುಸ್ತು; ಹೇಳಿದ ಮಾತು ನೆನಪಿನಲ್ಲಿ ನಿಲ್ಲದು. ಅವರ ಕಡತದಲ್ಲಿರುವ ವೈದ್ಯರ ಪತ್ರ ಮಾತ್ರ ‘ಚಿಕಿತ್ಸೆಗೆ ಚೆನ್ನಾಗಿ ಸ್ಪಂದಿಸಿದ್ದಾರೆ, ಸ್ಕ್ಯಾನ್‌ನಲ್ಲಿ ರೋಗದ ಕುರುಹಿಲ್ಲ’ ಎನ್ನುತ್ತದೆ. ಅದು ನಿಜ, ಸಂತೋಷದ ಸುದ್ದಿಯೂ ಹೌದು. ಆದರೆ ಹಾಸಿಗೆ ಹಿಡಿದ ಹಿರಿಯರನ್ನು ಎತ್ತಿ ಗಾಲಿಕುರ್ಚಿಗೆ ಕೂರಿಸಲು ಆ ತೋಳಿಗೆ ಸಾಧ್ಯವೇ ಎಂಬುದನ್ನು ಪತ್ರ ಹೇಳುವುದಿಲ್ಲ, ಯಾಕೆಂದರೆ ಅದನ್ನು ಯಾರೂ ವೈದ್ಯರಿಗೆ ಕೇಳಿರಲಿಲ್ಲ. ಕ್ಲೇಮುಗಳ ಹಣೆಬರಹ ಎಷ್ಟೋ ಸಲ ನಿರ್ಧಾರವಾಗುವುದು ಈ ಕೇಳದ ಪ್ರಶ್ನೆಯಲ್ಲಿ. ಗೆಡ್ಡೆಯ ಅಳತೆಗಿಂತ, ದಿನದ ಕೆಲಸದ ವಿವರ ಮತ್ತು ಅದರಲ್ಲಿ ಯಾವುದು ಇನ್ನು ಆಗದು, ಯಾಕೆ ಆಗದು ಎಂಬ ವೈದ್ಯರ ಮಾತು ಇಲ್ಲಿ ಹೆಚ್ಚು ತೂಗುತ್ತದೆ.

ಇನ್ನೂ ಕಠಿಣವಾದ ಅಳತೆಯೊಂದಿದೆ. ಕೆಲಸದ ಗಂಟೆ ಕಡಿಮೆ ಇದ್ದವರು, ಕೆಲಕಾಲದಿಂದ ನಿರುದ್ಯೋಗಿಗಳಾಗಿದ್ದವರು ಮುಂತಾದವರಿಗೆ ಕೆಲವು ಪಾಲಿಸಿಗಳು ಉದ್ಯೋಗದ ಪ್ರಶ್ನೆಯನ್ನೇ ಕೇಳುವುದಿಲ್ಲ. ಸ್ನಾನ, ಬಟ್ಟೆ ಧರಿಸುವುದು, ಊಟ, ಶೌಚ, ನಡೆದಾಟ ಇವುಗಳಲ್ಲಿ ಕೆಲವನ್ನು ಪರರ ನೆರವಿಲ್ಲದೆ ಮಾಡಲಾಗುವುದಿಲ್ಲವೇ ಎಂದಷ್ಟೇ ನೋಡುತ್ತವೆ. ಈ ಅಳತೆಗೆ ಸಿಕ್ಕ ಕ್ಲೇಮುಗಳಲ್ಲಿ ಐದಕ್ಕೆ ಮೂರರಷ್ಟು ತಿರಸ್ಕೃತವಾಗುತ್ತಿದ್ದುದನ್ನು ಅಲ್ಲಿನ ನಿಯಂತ್ರಣ ಸಂಸ್ಥೆಯೇ 2019ರ ವರದಿಯಲ್ಲಿ ಹೇಳಿತು. ಎಲ್ಲರಂತೆ ಕಂತು ಕಟ್ಟಿದವರಿಗೆ ಹೆಸರಿಗಷ್ಟೇ ವಿಮೆ ಕೊಟ್ಟಂತಾಯಿತು ಇದು.

ವಿಮೆಯವರ ವಾದ

ವಿಮಾ ಕಂಪನಿಗಳ ವಾದದಲ್ಲೂ ಹುರುಳಿದೆ. ಇದು ಒಂದೇ ಸಲಕ್ಕೆ ಕೊಡುವ ಇಡಿಗಂಟು. ಕೊಟ್ಟ ಮೇಲೆ, ಸದಸ್ಯರು ಚೇತರಿಸಿಕೊಂಡು ಕೆಲಸಕ್ಕೆ ಮರಳಿದರೂ ವಾಪಸ್ ಕೇಳುವ ಕ್ರಮವಿಲ್ಲ. ಕ್ಯಾನ್ಸರ್ ಗೆದ್ದು ಕೆಲಸಕ್ಕೆ ಮರಳುವವರು ಬಹಳ ಮಂದಿ. ಅಳತೆ ಸಡಿಲಿಸಿದರೆ ಕಂತು ಏರುತ್ತದೆ, ಅದರ ಹೊರೆ ಬೀಳುವುದು ಇತರ ಸದಸ್ಯರ ನಿವೃತ್ತಿಯ ಹಣದ ಮೇಲೆ. ಹಾಗಿದ್ದರೆ ಕ್ಯಾನ್ಸರ್‌ಗೆ ಹೆಚ್ಚು ಹೊಂದುವುದು ಇಡಿಗಂಟಿಗಿಂತ ಚಿಕಿತ್ಸೆ ಮತ್ತು ಚೇತರಿಕೆಯ ಕಾಲಕ್ಕೆ ತಿಂಗಳು ತಿಂಗಳು ಸಂಬಳದ ಒಂದು ಪಾಲು ಕೊಡುವ ಆದಾಯ ರಕ್ಷಣೆ ವಿಮೆ. ಅದನ್ನು ಎಲ್ಲ ನಿಧಿಗಳೂ ತಾವಾಗಿ ಕೊಡುವುದಿಲ್ಲ. ಇರುವ ಕಡೆಯೂ ಸಾಮಾನ್ಯವಾಗಿ ಎರಡು ವರ್ಷಕ್ಕೆ ಸೀಮಿತ.

ಕಂಪನಿಗಳ ವಾದಕ್ಕೆ ಒಪ್ಪಿದರೂ, ಸಾಕ್ಷ್ಯ ಕಲೆಹಾಕುವ ಹೊಣೆಯನ್ನು ರೋಗಿಯ ಹೆಗಲಿಗೇ ಹಾಕುವುದನ್ನು ಒಪ್ಪಲಾಗದು. ಗೆಲ್ಲುವ ಸಾಧ್ಯತೆ ಇರುವ ಕ್ಲೇಮನ್ನು ಸದಸ್ಯರ ಪರವಾಗಿ ಮುಂದಕ್ಕೊಯ್ಯುವುದು ಟ್ರಸ್ಟಿಗಳ ಕಾನೂನುಬದ್ಧ ಕರ್ತವ್ಯ. ವೈದ್ಯರಿಗೆ ಸರಿಯಾದ ಪ್ರಶ್ನೆ ಕೇಳಿ ಉತ್ತರ ತರಿಸಿಕೊಳ್ಳುವುದೂ ಆ ಕರ್ತವ್ಯದ ಭಾಗವೇ. ತಿರಸ್ಕಾರವಾದರೆ ನಿಧಿಯೊಳಗೇ ಮರುಪರಿಶೀಲನೆ, ಆಮೇಲೆ 2018ರಲ್ಲಿ ಆರಂಭವಾದ ದೂರು ಪ್ರಾಧಿಕಾರದ ಉಚಿತ ಸೇವೆ ಇದೆ. ಅದಕ್ಕೆ ಕಾಲಮಿತಿಯೂ ಇದೆ. ಗೆದ್ದರೆ ಮಾತ್ರ ಶುಲ್ಕ ಎನ್ನುವ ವಕೀಲರು ಜಟಿಲ ಪ್ರಕರಣಗಳಲ್ಲಿ ನೆರವಾಗುತ್ತಾರೆ, ಆದರೆ ನೇರವಾದ ಕ್ಲೇಮಿನಲ್ಲೂ ಪರಿಹಾರದ ಒಂದು ಭಾಗ ಅವರ ಶುಲ್ಕಕ್ಕೆ ಹೋಗುತ್ತದೆ.

ಸಾವು ಹತ್ತಿರಕ್ಕೆ ಬಂದಾಗ

ರೋಗ ಗುಣವಾಗದ ಹಂತಕ್ಕೆ ಹೋದವರಿಗೆ ದಾರಿ ಬೇರೆ. 24 ತಿಂಗಳೊಳಗೆ ಸಾವು ಸಂಭವನೀಯ ಎಂದು ಇಬ್ಬರು ವೈದ್ಯರು, ಅವರಲ್ಲಿ ಒಬ್ಬರು ತಜ್ಞರು, ಪ್ರಮಾಣೀಕರಿಸಿದರೆ ನಿಧಿಯ ಹಣ ತೆರಿಗೆಯಿಲ್ಲದೆ ಸಿಗುತ್ತದೆ. 2015ಕ್ಕೆ ಮೊದಲು ಈ ಅವಧಿ 12 ತಿಂಗಳಿತ್ತು. ಆದರೆ ಮರಣ ವಿಮೆಯನ್ನು ಮುಂಚಿತವಾಗಿ ಕೊಡಲು ಕೆಲವು ಪಾಲಿಸಿಗಳು ಇನ್ನೂ 12 ತಿಂಗಳ ಗೆರೆಯನ್ನೇ ಇಟ್ಟುಕೊಂಡಿರಬಹುದು. ಅವಸರದಲ್ಲಿ ಖಾತೆ ಖಾಲಿ ಮಾಡಿದರೆ ಆ ವಿಮೆಯೇ ಕೈತಪ್ಪುವ ಅಪಾಯವಿದೆ. ತಾತ್ಕಾಲಿಕ ವೀಸಾದಲ್ಲಿದ್ದು, ಚಿಕಿತ್ಸೆಗೆ ಊರಿಗೆ ಮರಳಲು ನಿಶ್ಚಯಿಸುವವರೂ ಇದೇ ಎಚ್ಚರಿಕೆ ವಹಿಸಬೇಕು. ದೇಶ ಬಿಟ್ಟು ಹೋಗುವವರ ಪಾಲಿನ ಹಣ ಎಂದು ಖಾತೆ ಮುಚ್ಚಿದರೆ ಅದರ ಮೇಲೆ ಭಾರಿ ತೆರಿಗೆ ಬೀಳುತ್ತದೆ. ಅಶಕ್ತತೆಯ ಇಲ್ಲವೇ ಮಾರಣಾಂತಿಕ ರೋಗದ ಆಧಾರದಲ್ಲಿ ಹಣ ಪಡೆಯಲು ಅವರಿಗೂ ಅವಕಾಶವಿದೆ.

ನಮ್ಮ ಭವಿಷ್ಯ ನಿಧಿಯಲ್ಲಿ

ಭಾರತದಲ್ಲಿ ಕ್ಯಾನ್ಸರ್ ಬಂದ ಪಿಎಫ್ ಸದಸ್ಯರಿಗೆ ಮೊದಲು ಕಾಣುವುದು ಸ್ವಂತ ಉಳಿತಾಯ. ಆರು ತಿಂಗಳ ಮೂಲವೇತನ ಮತ್ತು ತುಟ್ಟಿಭತ್ಯೆ ಅಥವಾ ತಮ್ಮ ಪಾಲಿನ ವಂತಿಗೆ ಬಡ್ಡಿಸಹಿತ, ಇವೆರಡರಲ್ಲಿ ಕಡಿಮೆಯಾದದ್ದನ್ನು ಚಿಕಿತ್ಸೆಗೆ ಮುಂಗಡ ಪಡೆಯಬಹುದೆಂಬುದು ದಶಕಗಳ ಕಾಲ ಇದ್ದ ನಿಯಮ. 1995ರ ಪಿಂಚಣಿ ಯೋಜನೆಯಲ್ಲಿ ಶಾಶ್ವತ ಪೂರ್ಣ ಅಂಗವೈಕಲ್ಯಕ್ಕೆ ಪಿಂಚಣಿ ಉಂಟು, ಒಂದೇ ತಿಂಗಳ ವಂತಿಗೆ ಕಟ್ಟಿದ್ದರೂ ಸಾಕು. ಆದರೆ 2014ರಲ್ಲಿ ನಿಗದಿಯಾದ ಕನಿಷ್ಠ ಪಿಂಚಣಿ ತಿಂಗಳಿಗೆ ₹1,000. ಇಎಸ್‌ಐ ವ್ಯಾಪ್ತಿಯಲ್ಲಿರುವವರ ಸ್ಥಿತಿ ಇದಕ್ಕಿಂತ ವಾಸಿ: ಕ್ಯಾನ್ಸರ್ ಸೇರಿದಂತೆ ದೀರ್ಘಕಾಲದ ಕಾಯಿಲೆಗಳಿಗೆ ಎರಡು ವರ್ಷದವರೆಗೆ ವೇತನದ ಶೇ 80 ಸಿಗುತ್ತದೆ. ಆಸ್ಟ್ರೇಲಿಯಾದ ಇಡಿಗಂಟಿಗಿಂತ ಕ್ಯಾನ್ಸರ್‌ನ ನಡೆಗೆ ಹೊಂದುವ ಏರ್ಪಾಟು ಇದು. ಆದರೆ ತಿಂಗಳ ವೇತನ ₹21,000 ಮೀರಿದವರು ಇದರ ಹೊರಗೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಪಟ್ಟಿ ಮಾಡಿದ 21 ಬಗೆಗಳಲ್ಲೂ ಕ್ಯಾನ್ಸರ್ ಇಲ್ಲ.

ಪಿಎಫ್ ಜೊತೆಗೆ ವಿಮೆಯೇ ಇಲ್ಲವೆಂದಲ್ಲ. 1976ರಿಂದ ಇರುವ ಠೇವಣಿ ಆಧಾರಿತ ವಿಮೆಗೆ ಮಾಲೀಕರು ವೇತನದ ಶೇ 0.5ರಷ್ಟು ಕಟ್ಟುತ್ತಾರೆ, ನೌಕರಿಯಲ್ಲಿದ್ದಾಗ ಸದಸ್ಯರು ತೀರಿಕೊಂಡರೆ ಕುಟುಂಬಕ್ಕೆ ₹7 ಲಕ್ಷದವರೆಗೆ ಸಿಗುತ್ತದೆ. ಅದೇ ಸದಸ್ಯರು ಬದುಕುಳಿದು, ದುಡಿಯಲಾಗದೆ ಮನೆಯಲ್ಲಿ ಕುಳಿತರೆ ಆ ವಿಮೆಯಿಂದ ಏನೂ ಬಾರದು. ಕ್ಯಾನ್ಸರ್ ಪತ್ತೆಯೂ ಚಿಕಿತ್ಸೆಯೂ ಸುಧಾರಿಸುತ್ತ ಬಂದ ಹಾಗೆ ಹೀಗೆ ಬದುಕುಳಿಯುವವರ ಸಂಖ್ಯೆ ಹೆಚ್ಚುತ್ತಲೇ ಹೋಗುತ್ತದೆ. ಈ ವಿಮೆಗೆ ತಾತ್ಕಾಲಿಕ ಅಶಕ್ತತೆಯ ಮಾಸಿಕ ನೆರವನ್ನು ಸೇರಿಸಲು ಮಾಲೀಕರ ಪಾಲು ಎಷ್ಟು ಏರಬೇಕಾದೀತು ಎಂಬ ಲೆಕ್ಕವನ್ನು ನಿಧಿಯ ಆಡಳಿತ ಮಂಡಳಿ ಮಾಡಿಸಿ ಜನರ ಮುಂದಿಡಬೇಕು. ಆಸ್ಟ್ರೇಲಿಯಾದ ಅನುಭವ ಕೈಯಲ್ಲಿರುವಾಗ, ‘ಇನ್ನೆಂದೂ’ ಎಂಬ ಷರತ್ತನ್ನು ಆ ಯೋಜನೆಯ ಕರಡಿನಿಂದಲೇ ಹೊರಗಿಡಬಹುದು.